ಹನ್ನೆರಡು ತುಂಟ ಕ್ರಿಯಾಪದಗಳ ಇಸ್ತ್ರಿ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆಕೋಣೆಯಲ್ಲಿ ಇಸ್ತ್ರಿ ಅಕ್ಕ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ನಿಂತಿದ್ದಾರೆ. ಉಳಿದೆರಡು ಮೂಲೆ ಒಬ್ಬ ನರ್ಸ್ ಕೈಯಲ್ಲಿ, ಸರದಿಗೆ ಕಾಯುತ್ತ ಇನ್ನೂ ಆರು ನರ್ಸ್‌ಗಳು. ಬಟ್ಟೆ ಇನ್ನೂ ಬೆಚ್ಚಗಿದೆ.

"ಸಾಲ್ದ್ರೆ" ಎನ್ನುತ್ತಾರೆ ಅಕ್ಕ. ಸ್ಪ್ಯಾನಿಷ್‌ನಲ್ಲಿ 'ಹೊರಡುವೆನು' ಎಂದು. ಒಂದು ಮಡಿಕೆ.

"ಸಾಲ್ದ್ರಾಸ್, ಸಾಲ್ದ್ರಾ, ಸಾಲ್ದ್ರೆಮೋಸ್..." ನೀನು, ಅವನು, ನಾವು ಎಂದು ಮಿಕ್ಕಿದ್ದೆಲ್ಲ ನರ್ಸ್ ಹೇಳಬೇಕು, ಮಡಿಸುತ್ತಲೇ. ಇಲ್ಲಿನ ಪಾಠದ ಕ್ರಮವೇ ಇದು.

"ನಾಳೆ ಮಾತಿಗೆ ಕ್ರಿಯಾಪದದ ಬಾಲ ಎಲ್ಲಕ್ಕೂ ಒಂದೇ ಕಣ್ರೇ. ಈ ಹನ್ನೆರಡು ತುಂಟವು ಮಾತ್ರ ತಲೆ ಬದಲಾಯಿಸ್ಕೊಂಡು ಬರ್ತವೆ."

"ಹೆಡ್‌ನರ್ಸ್ ಥರಾನೇ ಬಿಡಕ್ಕಾ, ದಿನಕ್ಕೊಂದು ತಲೆ" ಎಂದು ಎಲ್ಲರಿಗಿಂತ ಗಿಡ್ಡ ನರ್ಸ್ ಅಂದಾಗ ಏಳೂ ಜನ ನಗುತ್ತಾರೆ. ಅಕ್ಕ ಗದರುವುದಿಲ್ಲ, ಮುಂದಿನ ಶೀಟು ಎಳೆಯುತ್ತಾರೆ. ದಿನಕ್ಕೆ ಮುನ್ನೂರ ನಲವತ್ತು ಶೀಟು, ಇನ್ನೂರು ದಿಂಬಿನ ಚೀಲ. ಬಲ ಮೊಣಕೈ ಸಂಜೆಯಾದರೆ ಮೇಲೇಳುವುದಿಲ್ಲ.

ಓದಿದ್ದು ಎಂಟನೇ ತರಗತಿ. ಸ್ಪ್ಯಾನಿಷ್ ಕಲಿಸಿದವಳು ಹೊರದೇಶದಿಂದ ಬಂದಿದ್ದ ಒಬ್ಬ ರೋಗಿಯ ಹೆಂಡತಿ. ಒಂಬತ್ತು ವರ್ಷದ ಹಿಂದೆ ನಲವತ್ತು ದಿನ ಈ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದಳಂತೆ. "ಬರೀ ನಾಳೆದೇ ಮಾತಾಡೋಳು. ಏಳ್ತಾರೆ, ತಿಂತಾರೆ, ಮನೆಗೆ ಬರ್ತಾರೆ ಅಂತ. ನಾನೂ ಜೊತೆಗೆ ಹೇಳ್ತಾ ಹೋದೆ, ಅವಳಿಗೆ ಸಮಾಧಾನ ಆಗ್ಲಿ ಅಂತ. ಗಂಡ ಕೊನೆಗೆ ನಡ್ಕೊಂಡೇ ಹೋದ ನೋಡಿ."

ಹೊರದೇಶದ ಕೆಲಸಕ್ಕೆ ಸ್ಪ್ಯಾನಿಷ್ ಬೇಕಾದ ನರ್ಸ್‌ಗಳು ಒಬ್ಬೊಬ್ಬರಾಗಿ ಬಂದರು. ಹತ್ತೊಂಬತ್ತು ಮಂದಿ ಸ್ಪ್ಯಾನಿಷ್ ಪರೀಕ್ಷೆ ಪಾಸಾಗಿದ್ದಾರೆ. ಆದರೆ ಈ ವರ್ಷ ಹೊಸ ಮೇಲ್ವಿಚಾರಕರು ಖಡಾಖಂಡಿತವಾಗಿ ಹೇಳಿಬಿಟ್ಟರು: ಕಲಿಸುವವರ ಹತ್ತಿರ ಸರ್ಟಿಫಿಕೇಟ್ ಇರಬೇಕು, ಇಲ್ಲದಿದ್ದರೆ ಪಾಠ ಬಂದ್.

ಹಾಗಾಗಿ ಹೋದ ತಿಂಗಳು, ಐವತ್ತೊಂದನೇ ವಯಸ್ಸಿನಲ್ಲಿ, ಅಕ್ಕ ಅದೇ ಪರೀಕ್ಷೆಗೆ ಕೂತರು. ಬರೆದದ್ದು ಹೇಗೋ ದಾಟಿತು. ಬಾಯಿಪರೀಕ್ಷೆಯಲ್ಲಿ 'ಹೊರಡು' ಎಂಬುದರ ಭವಿಷ್ಯತ್ ರೂಪ ಹೇಳಿ ಎಂದರು ಪರೀಕ್ಷಕರು.

"ಸಾಲ್ದ್ರೆ ಅಂದೆ. ಅಂದು ಸುಮ್ನೆ ಕೂತೆ. ಒಂಬತ್ತು ವರ್ಷದಿಂದ ಮೊದಲನೇದು ನಂದು, ಮಿಕ್ಕಿದ್ದು ಎದುರಿಗಿರೋರ್ದು ಅಲ್ವಾ? ಅವರು ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. ಪಾಪ, ಸಹಾಯ ಮಾಡೋಣ ಅಂತ 'ಸಾಲ್ದ್ರಾಸ್' ಅಂದ್ರು. ನಾನು, 'ಭೇಷ್, ಮುಂದೆ ಹೇಳಿ' ಅಂದುಬಿಟ್ಟೆ!"

ಪರೀಕ್ಷಕರು ಪೆನ್ನು ಕೆಳಗಿಟ್ಟು, ಎಷ್ಟು ವರ್ಷದಿಂದ ಕಲಿಸುತ್ತಿದ್ದೀರಿ ಎಂದು ಕೇಳಿದರಂತೆ. ಆಮೇಲೆ ಅಕ್ಕ ಹನ್ನೆರಡನ್ನೂ ಉಸಿರು ಬಿಡದೆ ಒಪ್ಪಿಸಿದರು. ಮೊನ್ನೆ ಸೋಮವಾರ ಸರ್ಟಿಫಿಕೇಟ್ ಬಂದಿದೆ, ಪಾಠ ನಿಲ್ಲುವುದಿಲ್ಲ.

ಇನ್ನೇನು ಆಸೆ ಎಂದು ಕೇಳಿದರೆ ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ.

"ನಂಗೆ ಬರೋದು ಬರೀ ಮುಂದಿನ್ದು. ಆಗಿಹೋದದ್ದನ್ನ ಹೇಳೋಕೆ ಇನ್ನೂ ತಡವರಿಸ್ತೀನಿ. ಈ ಗಿಡ್ಡಿ ಕಲಿಸ್ತೀನಿ ಅಂದಿದಾಳೆ. ಒಂದು ದಿನ ನಾನೂ ಸ್ಟೂಲ್ ಮೇಲೆ ಕೂತು ತಪ್ಪು ಹೇಳ್ಬೇಕು, ಅವಳು ಬೈಬೇಕು."