ನನ್ನ ಎರಡನೆಯ ತಲೆ

ನನಗೆ ಎರಡು ತಲೆಗಳಿವೆ. ಒಂದು ಎಲ್ಲರಿಗೂ ಇರುವಂಥದ್ದು. ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತೇನೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದನ್ನು ಅದು ಮರೆಯುತ್ತದೆ, ಹದಿನೈದು ವರ್ಷದ ಹಿಂದೆ ಯಾರೋ ಆಡಿದ ಮಾತನ್ನು ಮಾತ್ರ ನೆನಪಿಡುತ್ತದೆ. ಇನ್ನೊಂದು ತಲೆ ತೆಲುಗು ನಾಡಿನ ಗಡಿಯ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಮಗ್ಗದ ಪಕ್ಕದ ಗೂಟದಲ್ಲಿ ತೂಗುತ್ತಿದೆ. ಅದು ಅಂತರಿಕ್ಷದ ಸಿನಿಮಾವೊಂದರಲ್ಲಿ ನೌಕೆ ನಡೆಸುವ ಹೆಂಗಸೊಬ್ಬಳು ಹಾಕಿಕೊಂಡಿದ್ದ ಶಿರಸ್ತ್ರಾಣದ ತದ್ರೂಪು. ತದ್ರೂಪು ಎಂದು ನಾನು ಹೇಳುತ್ತೇನೆ. ಓಣಿಯವರು ಗಡಿಗೆ ಎನ್ನುತ್ತಾರೆ.

ಆ ಸಿನಿಮಾವನ್ನು ಫೋನಿನಲ್ಲಿ ನೋಡಿದೆ. ತೆಲುಗಿಗೆ ಇಳಿಸಿದ್ದರಿಂದ ಅಂತರಿಕ್ಷದವರೆಲ್ಲ ಗುಂಟೂರಿನ ಕಡೆಯವರಂತೆ ಮಾತಾಡುತ್ತಿದ್ದರು. ಈ ಹೆಂಗಸು ಅದರಲ್ಲಿ ನಾಯಕಿಯಲ್ಲ. ಒಲೆ ಹೊತ್ತಿಸಿ ಹಾಲು ಉಕ್ಕುವಷ್ಟು ಹೊತ್ತು ಇರುತ್ತಾಳೆ, ಎರಡು ಮಾತಾಡುತ್ತಾಳೆ, ಆಮೇಲೆ ಅವಳ ನೌಕೆ ಬೆಂಕಿಯಾಗುತ್ತದೆ. ಯಾರೂ ಅಳುವುದಿಲ್ಲ, ಅವಳ ಹೆಸರನ್ನೂ ಹೇಳುವುದಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಅಷ್ಟು ಚೆಂದದ ಶಿರಸ್ತ್ರಾಣ ಹಾಕಿಕೊಂಡು, ಅಷ್ಟು ನೆಟ್ಟಗೆ ಕೂತು ನೌಕೆ ನಡೆಸಿದವಳನ್ನು ಹೀಗೆ ಮರೆತುಬಿಡುವುದೇ? ಬೆಳ್ಳಗೆ, ದುಂಡಗೆ, ಗದ್ದದ ಹತ್ತಿರ ತಾಮ್ರದ ಬಣ್ಣದ ಪಟ್ಟಿ, ಹಣೆಯ ಮೇಲೆ ರೆಕ್ಕೆ ಎತ್ತಿ ಎಡಕ್ಕೆ ನೋಡುತ್ತಿರುವ ಒಂದು ಹಕ್ಕಿ. ಫೋನನ್ನು ಅಲ್ಲಿಗೇ ನಿಲ್ಲಿಸಿ ನೋಡಿದೆ. ಐವತ್ತರ ಹತ್ತಿರ ಬಂದ ಹೆಂಗಸಿಗೆ ಬರಬಾರದ ಆಸೆ ಬಂತು: ಇದು ನನಗೆ ಬೇಕು.

ಕೊಳ್ಳುವ ಮಾತು ಮನಸ್ಸಿಗೆ ಬರಲೇ ಇಲ್ಲ. ನೇಯುವವರ ಮನೆಯಲ್ಲಿ ಏನನ್ನಾದರೂ ಕಂಡರೆ ಮೊದಲು ಬರುವ ಪ್ರಶ್ನೆ ಇದನ್ನು ಹೇಗೆ ಮಾಡಿದ್ದಾರೆ ಎಂಬುದು. ಮೊದಲನೆಯ ಶಿರಸ್ತ್ರಾಣವನ್ನು ಹಾಸು ನೂಲಿಗೆ ಹಚ್ಚುವ ಗಂಜಿಯಲ್ಲಿ ಕಾಗದ ಅದ್ದಿ, ಬೋರಲು ಹಾಕಿದ ಮಣ್ಣಿನ ಗಡಿಗೆಯ ಮೇಲೆ ಪದರ ಪದರವಾಗಿ ಅಂಟಿಸಿ ಮಾಡಿದೆ. ಒಣಗಿದ ಮೇಲೆ ಒಳಗಿನ ಗಡಿಗೆ ಒಡೆದು ತೆಗೆದೆ. ಚೆನ್ನಾಗಿಯೇ ಬಂದಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಂಜಿಯ ರುಚಿ ಕಂಡ ಇಲಿ ಬಲಗಿವಿಯ ಭಾಗವನ್ನೆಲ್ಲ ತಿಂದು ಮುಗಿಸಿತ್ತು. ಅಂತರಿಕ್ಷದಲ್ಲಿ ಇಲಿಗಳಿಲ್ಲ, ಹಾಗಾಗಿ ಸಿನಿಮಾದವರು ಈ ವಿಷಯ ಯೋಚಿಸಿರಲಿಕ್ಕಿಲ್ಲ.

ಎರಡನೆಯದರ ಹೊತ್ತಿಗೆ ನನಗೆ ಬುದ್ಧಿ ಬಂತು. ನಮ್ಮ ಕಡೆ ಹಿಂದಿನ ಹೆಂಗಸರು ಹಳೆಯ ಕಾಗದ ನೆನೆಸಿ, ಮೆಂತ್ಯ ರುಬ್ಬಿ ಸೇರಿಸಿ, ಒರಳಲ್ಲಿ ಕುಟ್ಟಿ ಬುಟ್ಟಿ ಮಾಡುತ್ತಿದ್ದರು. ಕಹಿಗೆ ಹುಳ ಬರುವುದಿಲ್ಲ, ಇಲಿಯೂ ಮೂಸಿ ಹೋಗುತ್ತದೆ. ಹಾಗೆಯೇ ಮಾಡಿದೆ. ಗಟ್ಟಿಯಾಗಿ ಬಂತು. ಆದರೆ ನೂಲಿನಿಂದ ತಲೆಯ ಸುತ್ತಳತೆ ತೆಗೆಯುವಾಗ ತುರುಬನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಿನಿಮಾದವಳದು ಕತ್ತರಿಸಿದ ಕೂದಲು. ನನ್ನದು ಒಳಗೆ ಹೋಗಲೊಲ್ಲದು. ಕೂದಲು ಕತ್ತರಿಸಿಕೋ ಎಂದು ನಮ್ಮವರು ನಕ್ಕರು. ತುರುಬು ಬಿಟ್ಟು ಅಂತರಿಕ್ಷಕ್ಕೆ ಹೋಗುವ ಆಸೆ ನನಗಿಲ್ಲವೆಂದು ಹೇಳಿ ಮೂರನೆಯದನ್ನು ಶುರು ಮಾಡಿದೆ. ಅದರ ಹಿಂಭಾಗದಲ್ಲಿ ಸಿನಿಮಾದಲ್ಲಿಲ್ಲದ ಒಂದು ಉಬ್ಬಿದೆ. ತದ್ರೂಪು ಎಂಬ ಮಾತಿಗೆ ಅಷ್ಟು ಸಡಿಲಿಕೆ ಇರಲಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಮಾಡುವುದು ಬೇರೆ, ನಯಮಾಡುವುದು ಬೇರೆ. ಮಾಡಲು ಹತ್ತು ದಿನ ಸಾಕಾಯಿತು, ನಯಮಾಡಲು ಒಂದು ಬೇಸಿಗೆಯೇ ಹೋಯಿತು. ಮೇಲ್ಮೈಯ ತಗ್ಗು ಮುಚ್ಚಲು ಮಖ್ತಲಿನಲ್ಲಿ ಮೋಟಾರು ಗಾಡಿಗಳಿಗೆ ಬಣ್ಣ ಹೊಡೆಯುವವನ ಹತ್ತಿರ ಹೋಗಿ ಪುಟ್ಟಿ ಕೇಳಿದೆ. “ಏ ಬಂಡಿಕಮ್ಮಾ?” ಎಂದ ತೆಲುಗಿನಲ್ಲಿ, ಯಾವ ಗಾಡಿಗೆ ಎಂದು. ತಲೆಗೆ ಎಂದೆ. ಅವನು ಡಬ್ಬಿ ತೆಗೆದು ಕೊಟ್ಟ. ಹಚ್ಚುವುದು, ಒಣಗಿಸುವುದು, ಉಜ್ಜುವುದು, ಮತ್ತೆ ಹಚ್ಚುವುದು. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತಿತ್ತು. ನೂಲಿನಲ್ಲಿ ಗಂಟು ಹುಡುಕಿ ಹುಡುಕಿ ನನ್ನ ಬೆರಳುಗಳು ಹಾಗಾಗಿವೆ. ಕಣ್ಣಿನ ಮುಂದಿನ ಕಪ್ಪು ಪರದೆಗೆ ನಮ್ಮವರ ಮೊಣಕಾಲಿನ ಎಕ್ಸ್‌ರೇ ಹಾಳೆ ಒದಗಿತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರ ಮನೆಯಲ್ಲಿ ಇಂಥ ಹಾಳೆಗಳಿಗೆ ಬರವಿಲ್ಲ. ಹೀಗಾಗಿ ಶಿರಸ್ತ್ರಾಣ ಹಾಕಿಕೊಂಡಾಗ ನಾನು ಲೋಕವನ್ನು ಗಂಡನ ಮೊಣಕಾಲಿನ ಮೂಲಕ ನೋಡುತ್ತೇನೆ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಬೇರೆ ರೀತಿ ನೋಡಿದ್ದಾದರೂ ಯಾವಾಗ?

ಕೊನೆಗೆ ಹಕ್ಕಿ. ಅದನ್ನು ಬಣ್ಣದಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ಸೀರೆಯ ಬುಟ್ಟಾಕ್ಕೆ ಮಾಡುವಂತೆ ಚೌಕಳಿ ಕಾಗದದ ಮೇಲೆ ಲೆಕ್ಕ ಹಾಕಿ, ಉಳಿದ ಜರಿ ಎಳೆಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಕೂರಿಸಿದೆ. ನಾಲ್ಕು ದಿನ ಹಿಡಿಯಿತು. ಮುಗಿಸಿ, ದೂರ ಇಟ್ಟು, ಫೋನಿನ ಚಿತ್ರದೊಂದಿಗೆ ಹೋಲಿಸಿ ನೋಡಿದೆ. ಸಿನಿಮಾದ ಹಕ್ಕಿ ಎಡಕ್ಕೆ ನೋಡುತ್ತಿತ್ತು. ನನ್ನ ಹಕ್ಕಿ ಬಲಕ್ಕೆ.

ಇದು ಹೇಗಾಯಿತು ಎಂಬುದನ್ನು ನೇಯದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ಬೆನ್ನು ನಮ್ಮ ಕಡೆಗಿರುತ್ತದೆ. ನೋಡುವವರಿಗೆ ಎಡಕ್ಕೆ ಕಾಣಬೇಕಾದ ನವಿಲನ್ನು ನಾವು ಬಲಕ್ಕೆ ನೇಯಬೇಕು. ಮುಖ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಆಗಾಗ ಒಂದು ಕನ್ನಡಿಯ ಚೂರನ್ನು ಸೀರೆಯ ಕೆಳಗೆ ಹಿಡಿಯುತ್ತೇವೆ, ಅಷ್ಟೆ. ಇಷ್ಟು ವರ್ಷ ತಿರುವಿ ತಿರುವಿ ನೇಯ್ದ ಕೈ, ಹಕ್ಕಿಯನ್ನು ಕಂಡ ಕೂಡಲೇ ನನ್ನನ್ನು ಒಂದು ಮಾತೂ ಕೇಳದೆ ತಿರುವಿಬಿಟ್ಟಿತ್ತು. ನನ್ನ ತಲೆ ಎರಡಿದ್ದರೂ ಕೆಲಸ ಮಾಡುವುದು ಕೈಯೇ.

ಹಕ್ಕಿಯನ್ನು ಕಿತ್ತು ಮತ್ತೆ ಕೂರಿಸಬೇಕೆಂದು ಎರಡು ಸಲ ಸೂಜಿ ಹಿಡಿದೆ, ಎರಡು ಸಲವೂ ಇಟ್ಟೆ. ಅಷ್ಟರಲ್ಲಿ ಊರಿನವರ ವಿಚಾರಣೆ ಶುರುವಾಗಿತ್ತು. ಎಲ್ಲರದೂ ಒಂದೇ ಪ್ರಶ್ನೆ: “ಇದರಿಂದ ಏನ್ ಫಾಯ್ದಾ ಐತ್ರಿ?” ಈ ಫಾಯ್ದಾ ಎಂಬುದು ನಮ್ಮ ಕಡೆ ನವಾಬರು ಬಿಟ್ಟುಹೋದ ಮಾತು. ನವಾಬರು ಹೋದರು, ಫಾಯ್ದಾ ಉಳಿಯಿತು. ಉತ್ತರ ಸಿಗದಿದ್ದಾಗ ಜನ ಅವರವರೇ ಒಂದೊಂದು ಫಾಯ್ದಾ ಹುಡುಕಿಕೊಟ್ಟರು. ಒಬ್ಬರು ಇದರಲ್ಲಿ ನೂಲಿನ ಉಂಡೆ ಇಡಬಹುದೆಂದರು, ಇನ್ನೊಬ್ಬರು ಹೊಲದ ಬೆದರುಗೊಂಬೆಗೆ ಚೆನ್ನಾಗಿರುತ್ತದೆ ಎಂದರು. ಬೈಕಿನ ಮೇಲೆ ಹೋದರೆ ಪೊಲೀಸರು ಹಿಡಿಯುವುದಿಲ್ಲ ಎಂದು ಒಬ್ಬರು, ಹಿಡಿದೇ ಹಿಡಿಯುತ್ತಾರೆ ಎಂದು ಅವರ ಹೆಂಡತಿ. ನಾನು ಯಾವುದನ್ನೂ ಒಪ್ಪಲಿಲ್ಲ. ಒಂದು ದಿನ ಅದರೊಳಗೆ ಉಳ್ಳಾಗಡ್ಡಿ ಕಂಡಾಗ ಮನೆಯಲ್ಲಿ ಊಟ ಬಡಿಸದೆ ಕೂತೆ.

ನನ್ನ ತವರು ಮಾಗನೂರು. ಅಲ್ಲಿ ಬಯಲಾಟಕ್ಕೆ ಕಿರೀಟ, ಭುಜಕೀರ್ತಿಗಳನ್ನು ಊರಿನವರೇ ಮಾಡುತ್ತಿದ್ದರು. ಹಗುರ ಕಟ್ಟಿಗೆ, ಬಣ್ಣದ ಕಾಗದ, ಕನ್ನಡಿ ಚೂರು. ಒಬ್ಬ ರೈತ ಅದನ್ನು ಹಾಕಿಕೊಂಡರೆ ಬೆಳಗಾಗುವವರೆಗೆ ಅವನು ಮಹಾರಾಜ. ಎದುರು ಕೂತ ಅವನ ಸ್ವಂತ ಹೆಂಡತಿಯೂ ಅವನನ್ನು ರಾಜನೆಂದೇ ನೋಡುತ್ತಿದ್ದಳು. ಅದರ ಫಾಯ್ದಾ ಏನೆಂದು ಯಾರೂ ಕೇಳಿದ್ದು ನಾನು ಕಾಣೆ. ನಿಜವಾದ ರಾಜರ ಕಿರೀಟದಿಂದಾದರೂ ಏನು ಉಪಯೋಗವಿತ್ತು? ಬಿಸಿಲು ತಡೆಯುವುದಿಲ್ಲ, ಮಳೆ ತಡೆಯುವುದಿಲ್ಲ, ಮೇಲಾಗಿ ಕುತ್ತಿಗೆ ನೋವು. ನನ್ನದು ಮಳೆ ತಡೆಯುತ್ತದೆ. ಗಂಡಸು ಚಿನ್ನದ ಕಾಗದ ಅಂಟಿಸಿಕೊಂಡರೆ ಕಲೆ, ಹೆಂಗಸು ಮೆಂತ್ಯ ಕುಟ್ಟಿ ಒಂದು ತಲೆ ಮಾಡಿಕೊಂಡರೆ ಹುಚ್ಚು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ, ಯಾರು ಕೊಟ್ಟರೂ ಒಪ್ಪುವುದಿಲ್ಲ.

ನನ್ನ ನಾದಿನಿ ನೀಲಮ್ಮ ಗದ್ವಾಲದಲ್ಲಿ ಸೀರೆ ಅಂಗಡಿ ನಡೆಸುತ್ತಾಳೆ. ನಾವು ನೇಯ್ದ ಸೀರೆಗಳು ಪ್ರತಿ ಶನಿವಾರ ಅವಳ ಅಂಗಡಿಗೆ ಹೋಗುತ್ತವೆ. ಬುದ್ಧಿವಂತೆ, ಕೆಟ್ಟವಳಲ್ಲ. ಆ ಶನಿವಾರ ಸೀರೆ ಒಯ್ಯಲು ಅವಳೇ ಬಂದಿದ್ದಳು. ನಾನು ಚಹಾ ಮಾಡಿ ಹೊರಗೆ ಬರುವಷ್ಟರಲ್ಲಿ ಸೀರೆಗಳ ಗಂಟು ಬಾಗಿಲ ಹತ್ತಿರವಿತ್ತು, ಅದರ ಪಕ್ಕದಲ್ಲಿ ಇನ್ನೊಂದು ಗಂಟು ದುಂಡಗಿತ್ತು. ಗೂಟ ಬರಿದಾಗಿತ್ತು.

“ವೈನಿ, ಇದನ್ನ ನಮ್ಮ ಅಂಗಡ್ಯಾಗ ಸೀರಿ ಉಡಿಸಿದ ಗೊಂಬಿ ತಲಿಗೆ ಹಾಕ್ತೀನ್ರಿ,” ಎಂದಳು ನೀಲಮ್ಮ. “ಹೋಗೋ ಬರೋ ಮಂದಿ ನಿಂತು ನೋಡ್ತಾರ. ಅಣ್ಣಗ ಕೇಳೀನಿ, ಹೂಂ ಅಂದಾನ. ಈ ಹಕ್ಕಿ ಒಂದು ಉಲ್ಟಾ ಆಗೇತಿ. ಅಲ್ಲೇ ಯಾರ ಕೈಲಾದ್ರೂ ಸೀದಾ ಮಾಡಸ್ತೀನಿ.”

ನಾನು ನಮ್ಮವರ ಮುಖ ನೋಡಿದೆ. ಅವರು ಚಹಾ ನೋಡಿದರು. “ಮಾಡಿದ್ದನ್ನ ಮನ್ಯಾಗ ಇಟ್ಟುಕೊಂಡ ನೇಕಾರ ಯಾರರ ಅದಾನೇನು?” ಎಂದರು ಮೆಲ್ಲಗೆ.

ಅವರು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಅದು ನೋಯಿಸಿತು. ಈ ಮನೆಗೆ ಬಂದಾಗಿನಿಂದ ನಾನು ನೇಯ್ದ ಒಳ್ಳೆಯದೆಲ್ಲ ಮಡಿಕೆಯಾಗಿ ಆ ಬಾಗಿಲಿನಿಂದ ಹೊರಗೆ ಹೋಗಿದೆ. ಯಾರು ಉಟ್ಟರು, ಯಾವ ಮದುವೆಯಲ್ಲಿ ಉಟ್ಟರು, ನನಗೆ ಗೊತ್ತಿಲ್ಲ. ಮನೆಯಲ್ಲಿ ಉಳಿಯುವುದು ಎಳೆ ತಪ್ಪಿದ್ದು, ಬಣ್ಣ ಹತ್ತಿದ್ದು, ಅಂಚು ಸೊಟ್ಟಗಾದದ್ದು. ನಾನು ಉಡುವ ಸೀರೆಗಳೆಲ್ಲ ಅಂಥವೇ. ನನ್ನ ಕೈಯಿಂದಾದ ಒಂದು ಒಳ್ಳೆಯ ವಸ್ತು ನನ್ನ ಕಣ್ಣೆದುರಿಗೇ ಇರುವುದು ಹೇಗಿರುತ್ತದೆ ಎಂದು ನನಗೆ ಆ ಶಿರಸ್ತ್ರಾಣದಿಂದಲೇ ಗೊತ್ತಾಗಿದ್ದು. ದಿನಾ ಬೆಳಿಗ್ಗೆ ಮಗ್ಗಕ್ಕೆ ಇಳಿಯುವ ಮೊದಲು ಅದನ್ನು ನೋಡುತ್ತಿದ್ದೆ. ಆ ನೋಟವನ್ನು ನಾನು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ.

ಚಹಾದ ತಟ್ಟೆ ಕೆಳಗಿಟ್ಟು, ದುಂಡನೆಯ ಗಂಟನ್ನು ಎತ್ತಿಕೊಂಡು ಬಂದು, ಎಲ್ಲರ ಮುಂದೆ ಬಿಚ್ಚಿದೆ. “ಇದು ಹೋಗಂಗಿಲ್ಲ,” ಎಂದೆ.

ನಮ್ಮವರು ತಮ್ಮ ತಂಗಿಯನ್ನೂ ನನ್ನನ್ನೂ ನೋಡಿ, ಇಬ್ಬರ ಮರ್ಯಾದೆಯೂ ಉಳಿಯುವ ದಾರಿ ಹುಡುಕಿದರು. “ಹೋಗ್ಲಿ ಬಿಡವ್ವ ನೀಲಾ. ಹೆಂಗೂ ಹಕ್ಕಿ ಉಲ್ಟಾ ಐತಿ. ತಪ್ಪಿದ ಮಾಲು ಮನ್ಯಾಗ ಇರೋದ ಅಲ್ಲೇನು?”

ಅಲ್ಲಿಗೆ ಮುಗಿಸಬಹುದಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತು, ಮನೆಯ ರಿವಾಜಿನ ಪ್ರಕಾರವೇ ಸಿಕ್ಕಿತ್ತು. ಆದರೆ ಆ ದಯೆ ನನಗೆ ಬೇಡವಾಗಿತ್ತು. ಎಳೆ ತಪ್ಪಿದ ಸೀರೆಗಳ ಸಾಲಿನಲ್ಲಿ ಅದನ್ನೂ ಸೇರಿಸಿ ಉಳಿಸಿಕೊಳ್ಳುವುದಾದರೆ ಉಳಿಸಿಕೊಂಡು ಪ್ರಯೋಜನವೇನು? “ತಪ್ಪಿದ್ದಂತ ಇಟ್ಟುಕೊಳ್ಳಾಕ ಹತ್ತಿಲ್ಲ ನಾನು,” ಎಂದೆ. “ಚಲೋ ಐತಂತ ಇಟ್ಟುಕೊಂತೀನಿ.”

“ಹಕ್ಕಿ ಉಲ್ಟಾ ಐತಲ್ರೀ ವೈನಿ,” ಎಂದಳು ನೀಲಮ್ಮ. ಅವಳ ದನಿಯಲ್ಲಿ ಜಗಳವಿರಲಿಲ್ಲ. ಮಾಲು ಪರೀಕ್ಷೆ ಮಾಡುವವಳ ದನಿ ಅದು.

ನಾನು ಶಿರಸ್ತ್ರಾಣವನ್ನು ತಲೆಗೆ ಹಾಕಿಕೊಂಡೆ. ತುರುಬು ತನ್ನ ಜಾಗದಲ್ಲಿ ಕೂತಿತು. ಒಳಗೆ ಮೆಂತ್ಯದ ವಾಸನೆ, ನನ್ನದೇ ಉಸಿರಿನ ಸದ್ದು, ಎದುರಿಗೆ ಮೊಣಕಾಲಿನ ಬೆಳ್ಳನೆಯ ಎಲುಬು. ತಡವರಿಸುತ್ತ ಮಗ್ಗದ ಹತ್ತಿರ ಹೋಗಿ ಕನ್ನಡಿಯ ಚೂರನ್ನು ತೆಗೆದುಕೊಂಡು ಮುಖದೆದುರು ಹಿಡಿದೆ. ಅದುವರೆಗೆ ಅದನ್ನು ಹಾಕಿಕೊಂಡು ಕನ್ನಡಿ ನೋಡಿರಲಿಲ್ಲ ಎಂದರೆ ನೀವು ನಂಬಬೇಕು. ಆ ಕನ್ನಡಿ ಸೀರೆ ನೋಡುವುದಕ್ಕೆ ಇದ್ದದ್ದು, ನಮ್ಮನ್ನು ನೋಡಿಕೊಳ್ಳುವುದಕ್ಕಲ್ಲ. ಸೀರೆಯ ಮುಖ ತೋರಿಸುವ ಕನ್ನಡಿ ಇದನ್ನೂ ತೋರಿಸಲಿ ಎಂಬ ಹಟ ಆಗ ಬಂತು. ಕನ್ನಡಿಯಲ್ಲಿ ಹಕ್ಕಿ ರೆಕ್ಕೆ ಎತ್ತಿ ಎಡಕ್ಕೆ ನೋಡುತ್ತಿತ್ತು. ಹೆಸರಿಲ್ಲದ ಆ ಹೆಂಗಸಿನ ಹಣೆಯ ಮೇಲಿದ್ದ ಹಾಗೆಯೇ.

“ಇಲ್ಲಿ ಬಾ ನೀಲಮ್ಮ, ನನ್ನ ಹಿಂದ ನಿಂದ್ರು,” ಎಂದೆ. ಅವಳು ಬಂದು ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದಳು. ಅವಳೂ ಈ ಮನೆಯ ಮಗಳು, ಈ ಕನ್ನಡಿಯಲ್ಲೇ ನವಿಲು ನೋಡಿ ಬೆಳೆದವಳು.

“ಹಂಗಾರ ಇದು ಹಾಕ್ಕೊಂಡವರಿಗಷ್ಟ ಸೀದಾ ಕಾಣತೈತಿ,” ಎಂದಳು.

“ಉಳಿದದ್ದೆಲ್ಲ ನೋಡೋರಿಗಂತ ನೇದೀನವ್ವ,” ಎಂದೆ ಒಳಗಿನಿಂದ. ನನ್ನ ದನಿ ನನಗೇ ಬಾವಿಯಿಂದ ಬಂದಂತೆ ಕೇಳಿಸಿತು.

ಅವಳು ಬಾಗಿಲ ಹತ್ತಿರ ಹೋಗಿ ಸೀರೆಗಳ ಗಂಟನ್ನಷ್ಟೇ ಎತ್ತಿಕೊಂಡಳು. ನಾನು ಶಿರಸ್ತ್ರಾಣ ತೆಗೆಯದೆಯೇ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. ಓಣಿಯವರು ನಿಂತು ನೋಡಿದರು. ಅವರ ಕಣ್ಣಿಗೆ ಹಕ್ಕಿ ಉಲ್ಟಾ ಇತ್ತು, ಇರಲಿ.