ನಾಲ್ಕರಲ್ಲಿ ಎರಡು, ಆರರಲ್ಲಿ ಮೂರು

ತಣಿಸಂದ್ರದ ಸರ್ಕಾರಿ ಶಾಲೆಯಲ್ಲಿ ನಾನು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಅವತ್ತು ಸಮಾನ ಭಿನ್ನರಾಶಿ ಅಭ್ಯಾಸ ಮಾಡಿಸುತ್ತಿದ್ದಾಗ, ತಪಾಸಣೆಗೆ ಬಂದಿದ್ದ ಹೊಸ ಅಧಿಕಾರಿ ನೇರವಾಗಿ ತರಗತಿಯೊಳಗೇ ಬಂದುಬಿಟ್ಟರು.

“ನಾಲ್ಕರಲ್ಲಿ ಎರಡು ಭಾಗ ದೊಡ್ಡದೋ, ಆರರಲ್ಲಿ ಮೂರು ಭಾಗ ದೊಡ್ಡದೋ?” ಎಂದು ಕೇಳಿ, ಹಿಂದಿನ ಬೆಂಚಿನ ಸಾನಿಯಾಳತ್ತ ಕೈ ತೋರಿಸಿದರು. ಇವಳನ್ನೇ ಯಾಕೆ ಕೇಳಿದರೋ ಎಂದುಕೊಂಡೆ. ಮನೆಯಲ್ಲಿ ಉರ್ದು ಮಾತಾಡುವ ಆ ಹುಡುಗಿ, ಕನ್ನಡ ತಪ್ಪಾದೀತೆಂದು ತರಗತಿಯಲ್ಲಿ ಬಾಯಿ ಬಿಡುತ್ತಿದ್ದುದೇ ಅಪರೂಪ.

“ಎರಡೂ ಒಂದೇ ಸರ್,” ಎಂದಳು.

“ಅದ್ಹೇಗಮ್ಮಾ? ಮೂರು ಅಂದ್ರೆ ಒಂದು ಭಾಗ ಜಾಸ್ತಿ ಅಲ್ವಾ?” ಅವರು ಬೇಕೆಂದೇ ಕೆಣಕಿದರು.

ನಾನು ನಡುವೆ ಬಾಯಿ ಹಾಕಲು ಹೋದರೆ ಅವರು ಕೈಸನ್ನೆಯಲ್ಲೇ ತಡೆದರು. ಅಷ್ಟರಲ್ಲಿ ಸಾನಿಯಾ ಎರಡು ಹಾಳೆ ತೆಗೆದು, ಎರಡನ್ನೂ ಅರ್ಧಕ್ಕೆ ಮಡಚಿ ಬಿಡಿಸಿ, ಒಂದೊಂದು ಅರ್ಧಕ್ಕೆ ಬಣ್ಣ ಹಚ್ಚಿದಳು. ಆಮೇಲೆ ಅಡ್ಡಕ್ಕೆ ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ ಮಡಚಿ ಬಿಡಿಸಿಟ್ಟಳು. ಒಂದರಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಆರು.

“ಗೆರೆ ಜಾಸ್ತಿ ಆಯ್ತು ಸರ್. ಬಣ್ಣ ಜಾಸ್ತಿ ಆಗ್ಲಿಲ್ಲ.”

ನಾನೂ ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅಧಿಕಾರಿ ಜೋರಾಗಿ ನಕ್ಕು, “ಈ ಹಾಳೆ ನಂಗೆ ಕೊಡ್ತೀಯಾ ಪುಟ್ಟಾ? ನನ್ನ ಮಗಳಿಗೆ ತೋರಿಸ್ಬೇಕು,” ಎಂದರು. ಸಾನಿಯಾ ನನ್ನ ಮುಖ ನೋಡಿದಳು. ಕೊಡು ಎಂಬಂತೆ ನಾನು ತಲೆಯಾಡಿಸಿದೆ.

ಅವರು ಹೋದ ಮೇಲೂ ನನ್ನ ಹಿಗ್ಗು ಇಳಿದಿರಲಿಲ್ಲ. ಬೋರ್ಡಿನ ಮೇಲೆ ಮುಂದಿನ ಲೆಕ್ಕವನ್ನೇ ತಪ್ಪು ಬರೆದೆ. ಇಡೀ ತರಗತಿ ಸೇರಿ ನನ್ನನ್ನು ತಿದ್ದಿತು.