ಕೆಂಪು ಮಣಿಗೆ ಸರಿದ ಪಿನ್ನು

ಗಾಳಿ, ದೆವ್ವದ ಸೋಂಕು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಈಗಲೂ ಪೂರ್ತಿ ನಂಬುವವಳಲ್ಲ. ಆದರೆ ಒಂದು ದಿನದ ಸಂಗತಿ ಮಾತ್ರ ಇಷ್ಟು ವರ್ಷವಾದರೂ ನನ್ನ ಬುದ್ಧಿಗೆ ದಕ್ಕಿಲ್ಲ. ನಿಮ್ಮನ್ನು ನಂಬಿಸಬೇಕೆಂಬ ಹಟವೇನೂ ನನಗಿಲ್ಲ.

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ನನ್ನ ಗಂಡ ನೆಲ್ಯಹುದಿಕೇರಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎರಡು ಮಕ್ಕಳಾದ ಮೇಲೆ ಮೂರನೆಯದು ನಿಂತಾಗ, ನನ್ನ ಹೃದಯ ಹೆರಿಗೆಯನ್ನು ತಾಳುವುದಿಲ್ಲವೆಂದು ಡಾಕ್ಟರಮ್ಮ ಮೂರನೇ ತಿಂಗಳಲ್ಲೇ ಬಸಿರು ತೆಗೆದರು. ಇನ್ನೊಮ್ಮೆ ಬಸಿರಾದರೆ ಜೀವ ಉಳಿಯುವುದು ಕಷ್ಟ ಎಂದು ಮುಖಕ್ಕೇ ಹೇಳಿದರು. ಅತ್ತೆಗೆ ಮಾತ್ರ, ತಾನಾಗಿ ಹೋಯಿತು ಎಂದೆವು. ನಾನು ಸುಧಾರಿಸಿಕೊಳ್ಳಲೆಂದು ಅವರು ಮಕ್ಕಳನ್ನು ಭಾಗಮಂಡಲದ ಕಡೆಯ ತಮ್ಮ ಮನೆಗೆ ಕರೆದೊಯ್ದರು. ಹಗಲೆಲ್ಲ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ. ಹೋದ ಮಗುವಿನ ಮಾತಾಡಲು ಒಂದು ಜೀವವಿರಲಿಲ್ಲ. ಗಂಡ ಕೂಡ ಆ ಮಾತು ಬಂದರೆ ಎದ್ದು ಹೋಗುತ್ತಿದ್ದರು.

ಆಸ್ಪತ್ರೆಯ ನರ್ಸ್ ಒಂದು ಮಣಿಸರ ಕೊಟ್ಟಿದ್ದರು. ಮುಟ್ಟಾದ ದಿನದಿಂದ ದಿನಕ್ಕೊಂದು ಮಣಿ ದಾಟಿಸಿ ದಾರಕ್ಕೆ ಪಿನ್ನು ಸಿಕ್ಕಿಸುತ್ತ ಹೋಗಬೇಕು. ಹಸಿರು ಮಣಿಯ ದಿನ ಗಂಡನ ಜೊತೆ ಮಲಗಬಹುದು, ಕೆಂಪು ಮಣಿಯ ದಿನ ಕೂಡದು, ಬಸಿರು ನಿಲ್ಲುವ ದಿನಗಳವು. ಕೂಲಿಯವರ ಲೈನುಮನೆಯಲ್ಲಿದ್ದ ಪಾರುವಿಗೂ ಬಸಿರು ಇಳಿದಾಗ ಇಂಥದ್ದೇ ಸರ ಕೊಟ್ಟಿದ್ದರು. ಅವಳು ಅದನ್ನು ಕೊರಳಿಗೆ ಹಾಕಿಕೊಂಡು, ಇನ್ನು ಭಯವಿಲ್ಲವೆಂದು ಹಾಯಾಗಿ ಇದ್ದುಬಿಟ್ಟಳು. ಮೂರೇ ತಿಂಗಳಿಗೆ ಮತ್ತೆ ವಾಂತಿ! ಇದು ರಕ್ಷೆಯಲ್ಲ ಕಣೇ, ಬರೀ ಲೆಕ್ಕ ಎಂದು ಅವಳನ್ನು ಗೇಲಿ ಮಾಡಿದವಳು ನಾನೇ.

ಏಲಕ್ಕಿ ಕೊಯ್ಲು ನೋಡಿಕೊಳ್ಳಲು ನನ್ನವರನ್ನು ಸೋಮವಾರಪೇಟೆ ಕಡೆಯ ತೋಟಕ್ಕೆ ಕಳಿಸಿದರು. ಮಾರನೆಯ ದಿನವೇ ನನಗೆ ಚಳಿಜ್ವರ. ಪಾರು ಗಂಜಿ ಇಟ್ಟುಹೋಗುತ್ತಿದ್ದುದಷ್ಟೇ ನೆನಪು. ಜ್ವರ ಬಿಟ್ಟು ಎದ್ದಾಗ, ಮೂರು ದಿನ ಮಲಗಿದ್ದೆ ಎಂದೇ ನನ್ನ ಎಣಿಕೆ. ಮಲಗುವಾಗ ಪಿನ್ನು ಐದನೆಯ ಮಣಿಯಲ್ಲಿತ್ತು, ಹಸಿರು. ಈಗ ನೋಡಿದರೆ ಕೆಂಪು ಮಣಿಗಳ ನಡುವೆ ಇದೆ!

ಗಂಜಿ ತಂದ ಪಾರುವನ್ನು ಕೇಳಿದೆ.

“ಅಯ್ಯೋ ಅಮ್ಮಾ, ನಾನು ಮುಟ್ಲಿಲ್ಲ. ಆಸ್ಪತ್ರೇಲಿ ಕೊಟ್ಟ ಸರ ಬೇರೆಯವ್ರು ಮುಟ್ಟಿದ್ರೆ ಅದ್ರ ಶಕ್ತಿ ಹೋಗ್ತದೆ” ಎಂದು ಗಲ್ಲ ಬಡಿದುಕೊಂಡು ಅವಳು ಕೆಲಸಕ್ಕೆ ಹೊರಟಳು.

ಜ್ವರದ ಅಮಲಿನಲ್ಲಿ ನಾನೇ ಹಾಳುಮಾಡಿರಬೇಕೆಂದುಕೊಂಡು ಪಿನ್ನನ್ನು ತೆಗೆದು, ಐದಕ್ಕೆ ಮೂರು ಕೂಡಿ, ಎಂಟನೆಯ ಮಣಿಗೆ ಸಿಕ್ಕಿಸಿದೆ. ಅದೂ ಹಸಿರೇ. ಎರಡೂ ಬಾಗಿಲ ಚಿಲಕ ಹಾಕಿ, ಬಚ್ಚಲಿಗೆ ಹೋಗಿ ಬಿಸಿನೀರು ಹೊಯ್ದುಕೊಂಡೆ. ಬಂದು ನೋಡುತ್ತೇನೆ, ಪಿನ್ನು ಮತ್ತೆ ಅದೇ ಕೆಂಪು ಮಣಿಯಲ್ಲಿದೆ. ಚಿಲಕಗಳು ಹಾಕಿದ ಹಾಗೇ ಇದ್ದವು. ಕಿಟಕಿಗೆ ಸರಳಿತ್ತು. ಮಂಚದ ಕೆಳಗೂ ಬಗ್ಗಿ ನೋಡಿದೆ. ಯಾರು, ಎಂದು ಒಮ್ಮೆ ಕೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ಆಮೇಲೆ ಪಿನ್ನನ್ನು ಮುಟ್ಟಲು ಧೈರ್ಯ ಬರಲಿಲ್ಲ.

ಸಂಜೆ ಗಂಡ ಬಂದರು. ಚೀಲ ಇಳಿಸುವ ಮೊದಲೇ, ನೀವು ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದೆ.

“ಇಂದ್‌ಗೆ ಹತ್ತ್ ದಿನ ಆತ್. ನಿಂಗೆ ಅದೂ ಗೊತ್ತಿಲ್ಲೆನಾ?” ಎಂದರು.

ಬೆರಳು ಮಡಿಸಿ ಎಣಿಸಿದೆ. ನಾನು ಮಲಗಿದ್ದು ಮೂರು ದಿನವಲ್ಲ, ಒಂಬತ್ತು ದಿನ. ಐದಕ್ಕೆ ಒಂಬತ್ತು ಕೂಡಿದರೆ ಹದಿನಾಲ್ಕು. ಪಿನ್ನಿದ್ದದ್ದು ಹದಿನಾಲ್ಕನೆಯ ಮಣಿಯಲ್ಲಿ. ಅದು ಎರಡನೆಯ ಸಲ ಸರಿಯದಿದ್ದರೆ ನಾನು ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಅಷ್ಟು ದಿನದ ಮೇಲೆ ಬಂದ ಗಂಡನನ್ನು ದೂರವಿಡುತ್ತಲೂ ಇರಲಿಲ್ಲ. ಇವತ್ತು ಇದನ್ನು ಬರೆಯಲು ಬಹುಶಃ ಬದುಕಿರುತ್ತಲೂ ಇರಲಿಲ್ಲ.

ಎಲ್ಲವನ್ನೂ ಹೇಳಿದೆ. ಜ್ವರ ತಲೆಗೇರಿದೆ ಎಂದು ನಕ್ಕು, ಅವರು ಚಾಪೆ ತೆಗೆದುಕೊಂಡು ಜಗಲಿಗೆ ಹೋದರು.

ಎಣಿಕೆ ತಾಳೆಯಾದ ಮೇಲೂ ನನಗೆ ಹೆದರಿಕೆಯಿತ್ತೇ ಎಂದರೆ, ಇಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ, ನನ್ನ ದಿನಗಳನ್ನು ನನ್ನ ಜೊತೆ ಇನ್ನೊಬ್ಬರೂ ಎಣಿಸುತ್ತಿದ್ದಾರೆ ಅನ್ನಿಸಿ ಅಳು ಬಂತು. ಯಾರು, ಏಕೆ ಎಂಬುದು ಇಂದಿಗೂ ತಿಳಿದಿಲ್ಲ. ಆಮೇಲಿನ ತಿಂಗಳುಗಳಲ್ಲಿ, ಮನೆಯಲ್ಲಿ ಒಬ್ಬಳೇ ಇದ್ದಾಗ, ಎಷ್ಟೋ ಸಲ ಬೇಕೆಂದೇ ಪಿನ್ನನ್ನು ತಪ್ಪು ಮಣಿಗೆ ಸಿಕ್ಕಿಸಿ ಸ್ನಾನಕ್ಕೆ ಹೋಗಿದ್ದೇನೆ. ಬಂದು ನೋಡಿದರೆ, ನಾನು ಸಿಕ್ಕಿಸಿದಲ್ಲೇ ಇರುತ್ತಿತ್ತು.